ಓದದೆ ಒರೆಸಿದ್ದು

ಮಾರ್ಚ್ 4, ಬೆಳಿಗ್ಗೆ 7
ಎಂಟು ಪೋಸ್ಟ್ ಡಿಲೀಟ್ ಮಾಡಿದೆ. ಆಮೇಲೆ ಹೊಲಿಗೆ ಮೆಷಿನ್ ಮುಂದೆ ಕೂತೆ.
ಕೋಡಿಂಗಿನ ಗಂಧಗಾಳಿ ನನಗಿಲ್ಲ. ತಮ್ಮ ಹೇಳಿಕೊಟ್ಟದ್ದು ಒಂದೇ — "ಅಕ್ಕಾ, 'ಬೇಕಾಗಿದ್ದಾರೆ' ಅಂತ ಕಂಡ್ರೆ ಮುಂದೆ ಓದ್ಲೇಬೇಡ. ಒರೆಸಿಬಿಡು. ಕಲಿಯೋಕೆ ಬರೋ ಜಾಗ ಇದು, ಸಂತೆ ಅಲ್ಲ."
ಅವನ ಆನ್‌ಲೈನ್ ಫೋರಮ್. ಹತ್ತು ವರ್ಷ ಕಟ್ಟಿದ್ದು. ಅವನು ಹೋಗಿ ಎರಡು ತಿಂಗಳು. ಅವನಿದ್ದಾಗಲೂ ಬೆಳಗಿನ ಈ ಕೆಲಸ ನನ್ನದೇ ಆಗಿತ್ತು. ಈಗಲೂ ಒರೆಸುತ್ತಲೇ ಇದ್ದೇನೆ.

ಮಾರ್ಚ್ 6
ಫೋರಮ್ ನೋಡಿಕೊಳ್ಳುವ ಇನ್ನೊಬ್ಬ ಫೋನ್ ಮಾಡಿದ. ತಮ್ಮ ಅವನನ್ನು ಸೋಡಾಬುಡ್ಡಿ ಎನ್ನುತ್ತಿದ್ದ.
"ಅಕ್ಕಾ, ಕಂಪನಿಯವರು ಕೆಲಸದ ಪೋಸ್ಟ್ ಹಾಕ್ಲಿ ಬಿಡಿ. ಎಷ್ಟೋ ಜನ ಕೆಲಸ ಇಲ್ದೆ ಕೂತಿದ್ದಾರೆ."
"ಅವನ ರೂಲು ಅವನ ಜೊತೇಲೇ ಹೋಗ್ಬೇಕಾ?"
"ರೂಲು ಊಟ ಹಾಕುತ್ತಾ ಅಕ್ಕಾ?"
ಫೋನ್ ಇಟ್ಟೆ. ತಮ್ಮನ ಮೊಬೈಲ್ ಇನ್ನೂ ಚಾರ್ಜಿನಲ್ಲೇ ಇದೆ. ಇವರಿಗಾಗಲೇ ಅವಸರ.
ಅವನೂ ಆರು ತಿಂಗಳು ಕೆಲಸವಿಲ್ಲದೆ ಕೂತಿದ್ದ. ರೂಲ್ ಮುರಿಯಲಿಲ್ಲ. ಕೊನೆಗೆ ಬೈಕ್ ಹತ್ತಿ ಪಾರ್ಸೆಲ್ ಹಂಚಲು ಹೋದ. ಲಾರಿ...

ಮಾರ್ಚ್ 7, ಮಧ್ಯಾಹ್ನ
ಕೆಲಸದ ಪೋಸ್ಟ್ ಬಿಡಬೇಕೋ ಬೇಡವೋ ಎಂದು ಓಟಿಗೆ ಹಾಕಿದ್ದಾರೆ. 12ರ ತನಕ. 'ಬೇಡ' ಒತ್ತಿದೆ.
ಈ ಪೋಸ್ಟುಗಳ ಬಣ್ಣ ಬಯಲು ಮಾಡೋಣ ಎಂದು ಡಿಲೀಟ್ ಆದವನ್ನು ಮೊದಲ ಸಲ ತೆರೆದು ಓದುತ್ತಿದ್ದೇನೆ. ಬರೀ ಬುರುಡೆ. 'ನಾವು ಕಂಪನಿಯಲ್ಲ, ಕುಟುಂಬ' ಅಂತೆ! ಮನೆಯವರನ್ನು ಯಾರಾದರೂ ಒಂದು ಇಮೇಲಿನಲ್ಲಿ ಹೊರಗೆ ಹಾಕುತ್ತಾರಾ? ತಮ್ಮನನ್ನು ತೆಗೆದದ್ದು ಹಾಗೇ.
ಇನ್ನೂ ನೂರಾರಿವೆ. ಹಿಂದಿನ ತಿಂಗಳುಗಳವು.

ಮಾರ್ಚ್ 12
ಬರೆಯಲಾಗಲಿಲ್ಲ. ಮೆಷಿನ್ನೂ ಮುಟ್ಟಿಲ್ಲ.
ನವೆಂಬರ್ 19ರ ಪೋಸ್ಟ್. ಯಾರೋ ಹೆಂಗಸು ಹಾಕಿದ್ದು. ಮೊದಲ ಸಾಲು — 'ಪ್ರೋಗ್ರಾಮರ್ ಬೇಕಾಗಿದ್ದಾರೆ.' ಎರಡನೆಯದು — 'ಈ ಫೋರಮ್ ನಡೆಸುವವರೇ ಬಂದರೆ ಸಂತೋಷ. ಅವರ ಉತ್ತರಗಳನ್ನು ಓದಿಯೇ ನಾನು ಕೆಲಸ ಕಲಿತೆ. ಅವರ ನಂಬರ್ ಗೊತ್ತಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.'
ಕೆಳಗೆ: ಡಿಲೀಟ್ ಮಾಡಿದವರು — ಅಕ್ಕ. ಬೆಳಿಗ್ಗೆ 7:10.
ಅವನು ಪಾರ್ಸೆಲ್ ಕೆಲಸಕ್ಕೆಂದು ಮೊದಲ ಸಲ ಬೈಕ್ ಹತ್ತಿದ್ದು ನವೆಂಬರ್ 25.

ಮಾರ್ಚ್ 13, ಬೆಳಿಗ್ಗೆ 7
'ಹಾಕಲಿ' ಅಂದವರೇ ಜಾಸ್ತಿ. ಸೋಡಾಬುಡ್ಡಿಯ ಮೆಸೇಜ್ — "ಬೇಜಾರ್ ಮಾಡ್ಕೋಬೇಡಿ ಅಕ್ಕಾ. ಇನ್ಮೇಲೆ ಡಿಲೀಟ್ ಮಾಡೋ ತಲೆನೋವು ನಿಮಗಿಲ್ಲ. ಆರಾಮಾಗಿರಿ."
ಆರಾಮ.
ಕೈ ಕೇಳಲಿಲ್ಲ, ಫೋರಮ್ ತೆರೆದೆ. ಒಂಬತ್ತು ಪೋಸ್ಟ್. ಒಂದೊಂದನ್ನೂ ಕೊನೆಯ ತನಕ ಓದಿದೆ. ಎಂಟು ಬುರುಡೆ. ಇನ್ನೊಂದು ಅದೇ ಹೆಂಗಸಿನದು.
'ಈಗ ಇಲ್ಲಿ ಕೇಳಬಹುದಂತೆ. ನವೆಂಬರಿನಲ್ಲೂ ಕೇಳಿದ್ದೆ, ಅಳಿಸಿದರು. ಅವರಿಗೆ ಇಷ್ಟವಿಲ್ಲವೇನೋ ಅಂದುಕೊಂಡು ಸುಮ್ಮನಾದೆ. ಮತ್ತೊಂದು ಸಲ ಕೇಳುತ್ತಿದ್ದೇನೆ.'
ಉತ್ತರವನ್ನು ಮೊದಲು ಇಲ್ಲಿ ಬರೆದು ನೋಡುತ್ತೇನೆ —
ಅಮ್ಮಾ, ನಾನು ಅವನ ಅಕ್ಕ. ಅವನಿಗೆ ಇಷ್ಟವಿಲ್ಲ ಅಂತಲ್ಲ. ಅವನು ಅದನ್ನು ನೋಡಲೇ ಇಲ್ಲ. ನೋಡಿದ್ದು ನಾನು, ಮೊದಲ ಸಾಲು ಮಾತ್ರ —