ಹಂಗಾಮು ಯಾರಿಗೆ ಮುಗಿಯಿತು?

ಈಜುಕೊಳದ ಮಾನ್ಯ ಅಧಿಕಾರಿಗಳೇ (ಪತ್ರಿಕೆಯ ಮೂಲಕ),

ಹೆಂಗಸರ ಲಾಕರುಗಳ ಕೀಲಿ ಮುರಿಸಿ, ಒಳಗಿದ್ದ ಈಜುಡುಪುಗಳನ್ನು ರಸ್ತೆ ಕಡೆಯ ಕಂಪೌಂಡಿನ ಮೇಲೆ ಸಾಲಾಗಿ ಹರವಿ, ‘ವಾರಸುದಾರರು ಗುರುತು ಹೇಳಿ ಒಯ್ಯತಕ್ಕದ್ದು’ ಎಂದು ಬೋರ್ಡು ತೂಗಿಸಿದ್ದೀರಿ. ಎದುರಿಗೇ ಬಸ್ ಸ್ಟಾಪ್. ಇನ್ನೂ ಒಬ್ಬಳೂ ಬಂದಿಲ್ಲವೆಂದು ತಮಗೆ ಆಶ್ಚರ್ಯವಾಗಿದೆಯಂತೆ. ನಮಗೆ ಆಗಿಲ್ಲ.

ತಮ್ಮ ನಿಯಮ ಒಂದೇ ಸಾಲು: ‘ಹಂಗಾಮು ಮುಗಿದೊಡನೆ ಲಾಕರ್ ತೆರವುಗೊಳಿಸತಕ್ಕದ್ದು.’ ಯಾವ ಹಂಗಾಮು? ಕೇಳಲು ಬಂದಾಗ ತಮ್ಮ ಗುಮಾಸ್ತರು, “ಚಳಿ ಬಿತ್ತಲ್ರಿ ಅಕ್ಕಾರ, ಹಂಗಾಮ ಮುಗೀತು” ಎಂದರು. “ಕಬ್ಬಿನ ಗಾಡಿ ಈಗರ ಹೊಂಟಾವ್ರಿ, ಮುಗಿಯೂದ ಹೆಂಗ?” ಎಂದೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಎಲ್ಲಿ ಬೇಕಾದರೂ ವಿಚಾರಿಸಿ. ಚಳಿ ಬಿದ್ದರೆ ಇಲ್ಲಿ ಹಂಗಾಮು ಶುರು, ಕಾರ್ಖಾನೆ ಕಬ್ಬು ನುರಿಸುವುದು ನಿಂತರೆ ಕೊನೆ. ಅದನ್ನೇ ನಂಬಿ ನಾವು ನಿಶ್ಚಿಂತರಾಗಿದ್ದೆವು. ‘ಬೇಸಿಗೆ’ ಎಂದು ಬರೆದಿದ್ದರೆ ಮಸಿ ಎಷ್ಟು ಖರ್ಚಾಗುತ್ತಿತ್ತು?

ಉಡುಪು ಮನೆಗೇಕೆ ಒಯ್ಯಲಿಲ್ಲ ಎಂದೂ ಅವರು ಕೇಳಿದರು. ಒಯ್ದು ಎಲ್ಲಿ ಒಣಹಾಕಬೇಕು? ನನಗೆ ಬೇಕಾದ ಕಾಕು, ಚಿಕ್ಕಮ್ಮನಂಥವರು, ಒಬ್ಬರಿದ್ದಾರೆ. ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಮೊಣಕಾಲು ನೋವಿಗೆ ಘಟಪ್ರಭಾದ ಡಾಕ್ಟರು ನೀರಿನಲ್ಲಿ ನಡೆಯಲು ಹೇಳಿದ್ದರು. ಸೀರೆ ಬಿಟ್ಟು ಬೇರೇನೂ ಉಡದ ಜೀವ. ಹೊಲಿಗೆಯವಳ ಹತ್ತಿರ ಮೈತುಂಬ ನೀಲಿ ಉಡುಪು ಹೊಲಿಸಿಕೊಂಡು, ಮನೆಯಲ್ಲಿ ‘ಮಠಕ್ಕ ಹೊಂಟೇನಿ’ ಎಂದು ಹೇಳಿ ಬರುತ್ತಿದ್ದರು. ಲಾಕರ್ ಇತ್ತೆಂದೇ ಬರುತ್ತಿದ್ದರು. ಗೋಡೆ ಹಿಡಿಯದೆ ನೆಲದಿಂದ ಏಳುವಷ್ಟು ಗುಣವಾಗಿತ್ತು.

ಹದಿನೈದು ದಿನದ ಹಿಂದೆ ಮಗನ ಜೊತೆ ಬಸ್ಸಿನಲ್ಲಿ ಹೋಗುವಾಗ ಆ ಉಡುಪು ಗಾಳಿಗೆ ಹಾರಾಡುವುದು ಕಂಡಿತಂತೆ. “ಯಾರವೋ ಏನೋ, ಮಾನಗೆಟ್ಟವು” ಎಂದು ಮಗ ನಕ್ಕ. ಅವರೂ ನಕ್ಕರಂತೆ. “ಇನ್ನ ಸಾಕ ಬಿಡವಾ, ಕಾಲ ಇದ್ದಂಗ ಇರ್ಲಿ” ಎಂದು ನನಗೆ ಹೇಳಿದರು. ಈಗ ಮತ್ತೆ ಗೋಡೆ ಹಿಡಿದೇ ಏಳುತ್ತಾರೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬಂದಿದೆ. ಆ ಮಗ ಪತ್ರಿಕೆ ಓದುವುದಿಲ್ಲ. ಓದಿದರೂ ಇದು ತನ್ನ ತಾಯಿ ಎಂದು ಅವನಿಗೆ ಹೊಳೆಯುವುದಿಲ್ಲ.

ಆದ್ದರಿಂದ ಲಾಕರುಗಳಿಗೆ ಹೊಸ ಕೀಲಿ ಹಾಕಿಸಿ. ಯಾವ ಹಂಗಾಮೆಂದು ಬರೆಸಿ. ಮುಂದೆ ತೆರೆಯಬೇಕಾದರೆ ಹೆಣ್ಣುಮಗಳೊಬ್ಬಳ ಕೈಯಿಂದ ತೆರೆಸಿ.

ಇನ್ನು ಗುರುತಿನ ಮಾತು. ನಾಳೆ ಬೆಳಿಗ್ಗೆ ಎಲ್ಲರೆದುರು ಬಂದು ಒಯ್ಯುತ್ತೇನೆ. ಗೋಡೆ ಮೇಲಿನ ಅಷ್ಟೂ ಉಡುಪುಗಳು ನನ್ನವೇ. ಅಳತೆ ಮಾತ್ರ ನೋಡಬೇಡಿ.

ಇಂತಿ,
ಒಂದೇ ಮೈಗೆ ಇಷ್ಟೊಂದು ಉಡುಪುಳ್ಳ,
ರಾಜೇಶ್ವರಿ, ನಾಗನೂರ