ನೆಂಟರಿಗೆಂದು ಬಳಿದ ಸುಣ್ಣ

ಉಪ್ಪಳ,
ತಾ. ೨೬-೫-೧೯೫೩

ಪ್ರೀತಿಯ ಅಮ್ಮನಿಗೆ ಹರಿಣಾಕ್ಷಿಯ ನಮಸ್ಕಾರಗಳು.

ನಾವು ಕ್ಷೇಮ, ನಮ್ಮ ತಲೆಯ ಮೇಲಿನ ಮಾಡೂ ಕ್ಷೇಮ. ವಿಮೆ ಕಂಪೆನಿ ದುಡ್ಡು ಕೊಡಲು ಕೊನೆಗೂ ಒಪ್ಪಿತು! ಮರದ ಹೊಸ ಪಕ್ಕಾಸು, ಅದರ ಮೇಲೆ ಹೊಸ ಹಂಚು ಎಲ್ಲ ಏರಿದೆ. ನಿನ್ನೆ ಗುಡುಗಿನ ಮಳೆ ಜೋರಾಗಿ ಬಂತು, ಒಳಗೆ ಒಂದು ಹನಿಯೂ ಬೀಳಲಿಲ್ಲ. ಇನ್ನು ನೀನು ಕುಳಿತುಕೊಂಡೇ ಓದು. ಮೊದಲ ಸಲ ಕಂಪೆನಿ ದುಡ್ಡು ಇಲ್ಲವೆಂದದ್ದು ಯಾರ ದೆಸೆಯಿಂದ ಗೊತ್ತೇ? ನಿನ್ನ ದೆಸೆಯಿಂದ. ಕೋಪ ಮಾಡಬೇಡ, ಜೊತೆಗೆ ನಾವೂ ಇದ್ದೆವು.

ನಿನಗೆ ನೆನಪಿರಬೇಕು. ಹಿಂದಿನ ಜಗಲಿಯಲ್ಲಿ ನನ್ನ ಒಲೆ ಮತ್ತು ಮರಿಯುಮ್ಮನ ಒಲೆ ಅಕ್ಕಪಕ್ಕ, ಮೇಲಿನ ಅಟ್ಟದಲ್ಲಿ ಎರಡೂ ಮನೆಯವರು ಉರಿಸಲು ಕೂಡಿಟ್ಟ ತೆಂಗಿನ ಮಡಲು, ಗೆರಟೆ. ಮಾಘದಲ್ಲಿ ಅದಕ್ಕೇ ಬೆಂಕಿ ಹತ್ತಿತು. ಯಾರ ಒಲೆಯ ಕಿಡಿಯೆಂದು ಇಂದಿಗೂ ಗೊತ್ತಿಲ್ಲ, ನಾವು ಕೇಳಿಕೊಳ್ಳಲೂ ಇಲ್ಲ. ಇವರೂ ಮರಿಯುಮ್ಮನ ಗಂಡ ಇಬ್ರಾಹಿಂ ಬ್ಯಾರಿಯೂ ಸೇರಿ ಕಟ್ಟಿಸಿದ ಮನೆಯಲ್ಲವೇ, ಎರಡು ಸಂಸಾರಕ್ಕೂ ಒಂದೇ ಮಾಡು, ಒಂದೇ ವಿಮೆ. ಹಿಂದಿನ ಮಾಡು ಪೂರ್ತಿ ಸುಟ್ಟುಹೋಯಿತು.

ಕಂಪೆನಿಯ ಭುಜಂಗರಾಯರು ನಷ್ಟ ನೋಡಲು ಮಂಗಳೂರಿನಿಂದ ಬರುತ್ತಾರೆಂದು ತಿಳಿದಾಗ ನೀನು ಇಲ್ಲಿಯೇ ಇದ್ದೆ. ಹೊರಗಿನವರು ಬರುವಾಗ ಮನೆ ಹೀಗಾ ಇರುವುದು, ಜನ ಎಂತ ಹೇಳಿಯಾರು ಎಂದು ಸೆರಗು ಸಿಕ್ಕಿಸಿ ನಿಂತವಳು ನೀನು. ಕರಿ ಹಿಡಿದ ಗೋಡೆಗೆ ಸುಣ್ಣ ಬಳಿದೆ. ನಾನು ನೆಲಕ್ಕೆ ಸೆಗಣಿ ಸಾರಿಸಿದೆ. ರಾಯರ ತಲೆಗೆ ಬಿಸಿಲು ಬೀಳಬಾರದೆಂದು ಇಬ್ರಾಹಿಂ ಬ್ಯಾರಿ ತಮ್ಮ ಅಣ್ಣ ಅಲಿಯವರ ಹೊಸ ಮನೆಗೆ ತಂದಿಟ್ಟಿದ್ದ ಬಿದಿರು, ಹಂಚು ಎರವಲು ತಂದು ಮೇಲೆ ಹೊದೆಸಿದರು. ಮದುವೆಗೆ ಕಂಚಿನ ಹರಿವಾಣ ಕೇಳಿ ತರುವುದಿಲ್ಲವೇ, ಹಾಗೆ. ರಾಯರು ನೀರುದೋಸೆ ತಿಂದು, ಕಾಫಿ ಕುಡಿದು, ಬಹಳ ಚಂದದ ಮನೆ ಎಂದು ಹೊಗಳಿ ಹೋದರು. ಸಂಜೆಯೇ ಹಂಚು ಹಿಂದಿರುಗಿಸಿದೆವು. ಸ್ವಲ್ಪ ದಿನದಲ್ಲಿ ಕಾಗದ ಬಂತು: ಕಟ್ಟಡ ಸುಸ್ಥಿತಿಯಲ್ಲಿದೆ, ಪರಿಹಾರ ಕೊಡುವಂಥ ನಷ್ಟ ಕಂಡುಬಂದಿಲ್ಲ!

ಇದನ್ನು ನಿನಗೆ ಆಗ ಬರೆಯಲಿಲ್ಲ. ನಗು ಬರುವ ಹೊತ್ತಾಗಿರಲಿಲ್ಲ ಅದು. ಮಳೆಗಾಲದೊಳಗೆ ಮಾಡು ಆಗದಿದ್ದರೆ ಮಂಜೇಶ್ವರಕ್ಕೇ ಬಂದಿರಲಿ ಎಂದು ಅಲಿಯವರು ತಮ್ಮನ ಸಂಸಾರವನ್ನು ಕರೆದಿದ್ದರು. ಮರಿಯುಮ್ಮ ಪಾತ್ರೆಗಳನ್ನು ಗೋಣಿಗೆ ತುಂಬತೊಡಗಿದಳು. ನನಗೆ ಅಳು ತಡೆಯಲಾಗಲಿಲ್ಲ ಅಮ್ಮ. ಮದುವೆಯಾಗಿ ಬಂದಂದಿನಿಂದ ಅವಳ ಒಗ್ಗರಣೆಯ ಸದ್ದು ಕೇಳದೆ ನಾನು ಒಲೆ ಹಚ್ಚಿದ್ದೇ ಇಲ್ಲ. ಅವಳು ಹೋದರೆ ಈ ಊರೇ ನನಗೆ ಬೇಡವೆಂದು ಇವರ ಹತ್ತಿರ ಜಗಳವಾಡಿದೆ.

ಗಂಡಸರಿಬ್ಬರೂ ಕಂಪೆನಿಗೆ ಕಾಗದದ ಮೇಲೆ ಕಾಗದ ಬರೆದರು. ನಷ್ಟವಾಗಿದೆ, ನಿಜವಾಗಿಯೂ ಆಗಿದೆ ಎಂಬುದೇ ಎಲ್ಲದರಲ್ಲೂ. ಸುಣ್ಣದ, ಹಂಚಿನ ಮಾತು ಮಾತ್ರ ಎತ್ತಲಿಲ್ಲ. ಎರವಲು ಹಂಚಿನ ಕಥೆ ಹೇಳಿದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ ಮಾರಾಯ್ತಿ ಎಂದರು ಇವರು. ಮರ್ಯಾದೆ ಹೊದ್ದುಕೊಂಡರೆ ಮಳೆ ನಿಲ್ಲುವುದುಂಟಾ ಎಂದು ಕೇಳಿದಳು ಮರಿಯುಮ್ಮ. ಕೊನೆಗೆ ನಾನೇ ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಬರೆದೆ, ಅವಳು ಹೆಬ್ಬೆಟ್ಟು ಒತ್ತಿದಳು.

ರಾಯರು ಸಿಡಿಮಿಡಿಗೊಂಡೇ ಬಂದರು. ಈ ಸಲ ನಾವು ಗುಡಿಸಲಿಲ್ಲ. ಕೈ ಸುಮ್ಮನಿರಲಾರದೆಂದು ಹಿಡಿಸೂಡಿಯನ್ನು ಬಾವಿಯ ಹತ್ತಿರ ಅಡಗಿಸಿಟ್ಟಿದ್ದೆವು. ನಾಚಿಕೆಯಿಂದ ನನ್ನ ತಲೆಯೇ ಮೇಲೇಳಲಿಲ್ಲ. ನೀವು ಅಂದು ಮೋಸ ಮಾಡಿದ್ದಾ, ಇಂದು ಮಾಡುತ್ತಿದ್ದೀರಾ ಎಂದು ರಾಯರು ಕೇಳಿದರು. ಮರಿಯುಮ್ಮ ಕತ್ತಿ ತಂದು ಗೋಡೆ ಕೆರೆದಳು. ಸುಣ್ಣದಡಿಯಿಂದ ಮಸಿ ಉದುರಿ ರಾಯರ ಬಿಳಿ ಪಂಚೆಯ ಮೇಲೆ ಬಿತ್ತು. ಅವರು ತಲೆ ಎತ್ತಿದರು, ಮೇಲೆ ಆಕಾಶ. ಪಂಚೆ ಕೊಡವಿಕೊಂಡು ನಕ್ಕುಬಿಟ್ಟರು. ತಪ್ಪು ನನ್ನದೂ ಉಂಟು, ಅಂದು ನಾನು ದೋಸೆ ನೋಡಿದೆ, ಗೋಡೆ ನೋಡಲಿಲ್ಲ ಎಂದರು. ವರದಿಯನ್ನು ಅಲ್ಲಿಯೇ ಕುಳಿತು ಹೊಸದಾಗಿ ಬರೆದರು. ಆಮೇಲೆ ಕಾಫಿ ಕೊಟ್ಟೆ, ಅಷ್ಟೂ ಕೊಡದಿರಲು ನನ್ನಿಂದಾಗಲಿಲ್ಲ.

ಮರಿಯುಮ್ಮನ ಪಾತ್ರೆಗಳು ಗೋಣಿಯಿಂದ ಹೊರಗೆ ಬಂದಿವೆ. ಈಗ ಬರೆಯುತ್ತಿರುವಾಗಲೂ ಮೀನು ಹುರಿಯುವ ವಾಸನೆ ಬರುತ್ತಿದೆ. ಅಪ್ಪನಿಗೆ ನಮಸ್ಕಾರ ತಿಳಿಸು.

ನಿನ್ನ ಮಗಳು,
ಹರಿಣಾಕ್ಷಿ

ತಾ.ಕ.: ಒಂದು ಸಂಗತಿ ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಯೋಚಿಸಿದೆ. ಕಂಪೆನಿ ಒಂದು ಷರತ್ತು ಹಾಕಿದೆ. ಇನ್ನು ಮುಂದೆ ವಿಮೆ ಬೇಕಾದರೆ ಎರಡು ಒಲೆಗಳ ನಡುವೆ ಮಾಡಿನವರೆಗೆ ಕಲ್ಲಿನ ಗೋಡೆ ಇರಬೇಕಂತೆ. ಬ್ಯಾರಿಗಳ ಅಡುಗೆ ಬೇರೆ, ನಮ್ಮದು ಬೇರೆ, ನಡುವೆ ಗೋಡೆಯೊಂದು ಬೇಡವಾ ಎಂದು ನೀನು ಬಂದಾಗಲೆಲ್ಲ ಹೇಳುತ್ತಿದ್ದೆಯಲ್ಲ, ಅದು ಆಯಿತು. ಗೋಡೆ ಕಟ್ಟಿಸಿದೆವು. ಕಂಪೆನಿಯ ಕಾಗದವನ್ನು ಇವರಿಂದ ಮತ್ತೆ ಮತ್ತೆ ಓದಿಸಿದೆವು. ಬಾಗಿಲು ಇಡಬಾರದೆಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಇಟ್ಟಿದ್ದೇವೆ.