ಎರಡನೆಯವನ ಹೆಸರು

ಕಾರತೀನಾ ಹತ್ತಿರ, ನ್ಯೇರಿ ಜಿಲ್ಲೆ
೧೪ ಮಾರ್ಚ್ ೧೯೬೫

ನನ್ನ ಅವ್ವ ನ್ಯಾಗುಥಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದ.

ನಾವಿಬ್ಬರೂ ಕ್ಷೇಮ. ನಿನ್ನ ತಾಯಿಯ ಮಂಡಿನೋವು ಹಾಗೇ ಇದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಬರೆದೆ, ಹರಿದೆ, ಮತ್ತೆ ಬರೆದೆ. ನಾನು ಅಕ್ಷರ ಕಲಿತದ್ದು ಶಿಬಿರದ ಮುಳ್ಳುತಂತಿಯೊಳಗೆ, ಮರಳಿನ ಮೇಲೆ ಬೆರಳಾಡಿಸಿ. ಇವತ್ತಿಗೂ ಕಾಗದ ಕಂಡರೆ ಕೈ ನಿಧಾನವಾಗುತ್ತದೆ. ಸಿಟ್ಟು ಬಂದಿದ್ದರೆ ಬೈದುಬಿಡು. ನೀನು ನನ್ನ ತಾಯಿಯ ಹೆಸರು ಹೊತ್ತವಳು, ನನ್ನನ್ನು ಬೈಯುವ ಹಕ್ಕು ನಿನಗೆ ಹುಟ್ಟಿದಾಗಲೇ ಬಂದಿದೆ.

ಗಂಡುಮಗು ಎಂದು ತಿಳಿದ ದಿನ ನಿನ್ನ ತಾಯಿ ಅಂಗಳದಲ್ಲಿ ನಿಂತು ಐದು ಸಲ ಹರ್ಷದ ಕೂಗು ಹಾಕಿದಳು. ಆಚೆ ದಿಬ್ಬದ ಹೆಂಗಸರು ಸಿಹಿಗೆಣಸು ಅಗೆಯುವುದನ್ನು ಬಿಟ್ಟು ಅಲ್ಲಿಂದಲೇ ದನಿಗೂಡಿಸಿದರು. ನಾನು ಕಣ್ಣಿಗೆ ಹೊಗೆ ಬಿತ್ತೆಂದು ಒಳಗೆ ಹೋದೆ. ಒಲೆ ಹಚ್ಚಿರಲಿಲ್ಲ.

ಆಮೇಲೆ ನಕೂರಿನಿಂದ ನಿನ್ನ ಕಾಗದ ಬಂತು. ಮೊದಲ ಮಗನಿಗೆ ಗಂಡನ ಅಪ್ಪನ ಹೆಸರು, ಎರಡನೆಯವನಿಗೆ ಹೆಂಡತಿಯ ಅಪ್ಪನ ಹೆಸರು ಎಂಬುದು ನಮ್ಮಲ್ಲಿ ಯಾರೂ ಕೇಳದೆಯೇ ನಡೆದುಕೊಂಡು ಬಂದದ್ದು. ಆದರೂ ಈ ಮಗುವನ್ನು ಮಾವನ ಹೆಸರು ಹಿಡಿದು ಗಿಚುಕಿ ಎಂದು ಕರೆಯಲು ನಾಲಿಗೆ ಏಳುತ್ತಿಲ್ಲ, ಮೊದಲನೆಯವನಿಗೇ ನಿನ್ನ ಹೆಸರಿಡುತ್ತೇನೆ, ಗಂಡ ಮುರೀಥಿಯೂ ಒಪ್ಪಿದ್ದಾನೆ ಎಂದು ಬರೆದಿದ್ದೀಯ. ಹೆರಿಗೆ ಕಷ್ಟವಾಯಿತು, ಇನ್ನು ಒಂದೇ ಒಂದು ಮಗು ಸಾಕು, ಅದರ ಮೇಲೆ ಬೇಡ ಎಂದು ಡಾಕ್ಟರು ಹೇಳಿದ್ದನ್ನೂ ಬರೆದಿದ್ದೀಯ. ಆ ಸಾಲನ್ನು ನಿನ್ನ ತಾಯಿಗೆ ಓದಿ ಹೇಳಲಿಲ್ಲ.

ಮಗು ದೊಡ್ಡವನಾದ ಮೇಲೆ ಇಬ್ಬರು ಅಜ್ಜಂದಿರ ವಿಷಯ ಏನು ಹೇಳಲಿ ಎಂದು ಕೇಳಿದ್ದೀಯ. ಇದ್ದದ್ದನ್ನು ಹೇಳು. ನನ್ನ ಅಪ್ಪ ವಹೋಮೆ ಒಂದು ಸಂಜೆ ದನ ಹೊಡೆದುಕೊಂಡು ಬಂದಾಗ ಅವನ ಹೊಲದಲ್ಲಿ ಬಿಳಿಯನೊಬ್ಬ ಗೂಟ ಹೊಡೆಸುತ್ತಿದ್ದ. ಅಲ್ಲೇ ಕೂಲಿ ಮಾಡಿದರೆ ಗುಡಿಸಲು ಬಿಡುತ್ತೇವೆ ಎಂದರು, ಮಾಡಿದ. ನಮ್ಮದೆಂದು ಉಳಿದದ್ದು ನದಿ ಕಡೆಯ ಒಂದು ಪಟ್ಟಿ ಮಾತ್ರ. ನಾನು ಅವರ ರಾಜನಿಗಾಗಿ ಬರ್ಮಾದ ಕಾಡಿನಲ್ಲಿ ಗುಂಡು ಹಾರಿಸಿ ಬಂದೆ. ನಮ್ಮ ದಳದ ಬಿಳಿ ಅಧಿಕಾರಿಗೆ ಅದಕ್ಕೆ ಬಹುಮಾನವಾಗಿ ನಮ್ಮ ಸೀಮೆಯಲ್ಲೇ ತೋಟ ಸಿಕ್ಕಿತು. ನನಗೆ ಗುರುತುಚೀಟಿ ಇಟ್ಟು ಕೊರಳಿಗೆ ನೇತುಹಾಕಿಕೊಳ್ಳುವ ಹಳೆಯ ತಗಡಿನ ಡಬ್ಬಿಯೇ ಮತ್ತೆ ಸಿಕ್ಕಿತು. ಕಾಫಿ ನೆಡೋಣವೆಂದರೆ ಕಪ್ಪು ಜನಕ್ಕೆ ಅಪ್ಪಣೆಯಿಲ್ಲ. ಅರ್ಜಿ ಬರೆಸಿದೆವು. ಮತ್ತೆ ಬರೆಸಿದೆವು. ಕೊನೆಗೆ ಬಾಳೆ ಎಲೆಯ ಕಮಾನಿನಡಿ ನುಸುಳಿ, ಬಿಳಿಯರಿಂದ ನೆಲ ಬಿಡಿಸಿಕೊಳ್ಳುತ್ತೇವೆಂದು ಗುಟ್ಟಾಗಿ ಪ್ರಮಾಣ ಮಾಡಿದೆವು. ನಾನೇನು ದೇಶ ಕಟ್ಟಲು ಹೊರಟವನಲ್ಲ ಅವ್ವಾ. ನನಗೆ ಬೇಕಿದ್ದದ್ದು ಹೊಲ.

ನನ್ನಪ್ಪನ ಹೆಸರು ಹೊತ್ತ ನಿನ್ನಣ್ಣ ವಹೋಮೆ ಹೋರಾಡಲು ಕಾಡು ಸೇರಿದ. ಅದರ ಮುಂದಿನದು ನಿನಗೆ ಗೊತ್ತು, ಬರೆಯುವುದಿಲ್ಲ. ನನ್ನನ್ನು ಕೈದಿಗಳ ಶಿಬಿರಕ್ಕೆ ಒಯ್ದರು. ಗಿಚುಕಿ ಬಿಳಿಯರ ಸರ್ಕಾರದ ಕಾವಲುಪಡೆಯಲ್ಲಿ ಬಂದೂಕು ಹಿಡಿದ. ನಾನು ಒಳಗಿದ್ದಾಗ ಚೂರುಚೂರು ಹೊಲಗಳನ್ನೆಲ್ಲ ಒಟ್ಟುಮಾಡಿ ಹೊಸದಾಗಿ ಹಂಚಿದರು. ಹಂಚುವವರ ಜೊತೆ ಅವನೂ ಕೂತಿದ್ದ. ನದಿ ಕಡೆಯ ನಮ್ಮ ಪಟ್ಟಿಯಲ್ಲಿ ಈಗ ಅವನ ಕಾಫಿ ಇದೆ. ಫಸಲು ಚೆನ್ನಾಗಿದೆ, ಸುಳ್ಳು ಹೇಳಬಾರದು.

ಸ್ವಾತಂತ್ರ್ಯದ ಬಾವುಟ ಏರಿದ ಸಂಭ್ರಮದಲ್ಲಿ ನಾನೂ ಕುಣಿದೆ. ಊರಿನ ಸಭೆಯಲ್ಲಿ ಗಿಚುಕಿ ಮುಂದಿನ ಸಾಲಿನ ಕುರ್ಚಿಯಲ್ಲಿದ್ದ, ಕಾಡಿನಿಂದ ಇಳಿದು ಬಂದವರು ಹುಲ್ಲಿನ ಮೇಲೆ. ಹಳೆಯದನ್ನೆಲ್ಲ ಮರೆಯಿರಿ ಎಂದು ಭಾಷಣ ಮಾಡಿದರು. ಮರೆಯುವ ಕೆಲಸವೂ ಹುಲ್ಲಿನ ಮೇಲೆ ಕೂತವರ ಪಾಲಿಗೇ ಬಂತು. ನನಗೆ ಸುಸ್ತಾಗಿದೆ ಅವ್ವಾ. ಸಿಟ್ಟು ಮಾಡುವುದಕ್ಕೂ ಮೈಯಲ್ಲಿ ಕಸುವು ಬೇಕು.

ಇಷ್ಟೆಲ್ಲ ಇದ್ದೂ ನಿನ್ನನ್ನು ಮುರೀಥಿಗೆ ಕೊಟ್ಟೆ. ಸರ್ಕಾರ ನಮ್ಮವರನ್ನು ಬೇಲಿ ಹಾಕಿ ಕೂಡಿದ್ದ ಹಳ್ಳಿಯಲ್ಲಿ ನೀನೂ ನಿನ್ನ ತಾಯಿಯೂ ಹಸಿದಿದ್ದಾಗ ತನ್ನಪ್ಪನ ಕಣ್ಣು ತಪ್ಪಿಸಿ ಜೋಳದ ಹಿಟ್ಟು ತಂದುಕೊಟ್ಟವನು ಅವನು. ಅದಕ್ಕೇ ನಿನ್ನ ಕಾಗದ ಓದಿದಾಗ ನಿನ್ನ ತಾಯಿ, "ಗಂಡನ್ನ ಇಟ್ಕೊಂಡು ಮಾವನ್ನ ಬಿಡೋದು, ಅದ್ಯಾವ ಸೀಮೆ ನ್ಯಾಯ? ಬೇಡ ಅನ್ನೋದಾದ್ರೆ ಆ ಹಿಟ್ಟು ತಿನ್ನೋ ಮೊದಲೇ ಅನ್ಬೇಕಿತ್ತು," ಎಂದಳು. ನೀನು ಬೈಸಿಕೊಳ್ಳಬೇಕು ಎಂದೇ ಇದನ್ನು ಬರೆದಿದ್ದೇನೆ.

ಹೋದ ವಾರ ಗಿಚುಕಿ ಬಂದಿದ್ದ. ಕೈಯಲ್ಲಿ ಸಕ್ಕರೆಯ ಪೊಟ್ಟಣ. ಅಂಗಳದೊಳಗೆ ಬರಲಿಲ್ಲ, ಬೇಲಿಯ ಬಾಗಿಲಲ್ಲೇ ನಿಂತ. ಹೆಸರು ಹೊತ್ತ ಮಗುವಿನಲ್ಲಿ ತಾವೇ ಮರಳಿ ಬರುತ್ತೇವೆಂದು ಮೊಮ್ಮಗ ಹುಟ್ಟಿದ ಅಜ್ಜಂದಿರು ಆಡುವ ಮಾತನ್ನೇ ಆಡಿದ: "ಗಥೋಗೊ, ನಾನು ನಕೂರಲ್ಲಿ ಮತ್ತೆ ಹುಟ್ಟಿದೀನಂತೆ."

"ಒಂದ್ಸಲ ಹುಟ್ಟಿದ್ದೇ ನಮಗೆ ಸಾಕಾಗಿತ್ತು," ಎಂದೆ.

ನಕ್ಕ. ಆ ನಗು ಬಹಳ ಹೊತ್ತು ನಿಲ್ಲಲಿಲ್ಲ. ಮುರೀಥಿ ಅವನಿಗೂ ಬರೆದಿದ್ದನಂತೆ. ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ಹೇಳಿದ: "ನಿನ್ನ ಮಗಳಿಗೆ ನನ್ನ ಹೆಸರು ಬೇಡವಂತೆ. ನಾನು ಹಿರೀಕರ ಹತ್ರ ದೂರು ಒಯ್ಯಲ್ಲ. ಯಾವ ಮುಖ ಇಟ್ಕೊಂಡು ಒಯ್ಯಲಿ? ಆದ್ರೆ ನನಗಿರೋನು ಅವನೊಬ್ಬನೇ ಮಗ. ಅವನ ಮನೇಲಿ ನನ್ನ ಹೆಸರಿಲ್ಲ ಅಂದ್ರೆ, ಸತ್ತ ಮೇಲೆ ನಾನು ಎಲ್ಲಿಗೆ ಬರ್ಲಿ?"

ನನಗೆ ಅಯ್ಯೋ ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಸಕ್ಕರೆ ಬೇಡ ಎನ್ನಬೇಕೆಂದಿದ್ದೆ, ಅಷ್ಟರಲ್ಲಿ ನಿನ್ನ ತಾಯಿ ತೆಗೆದುಕೊಂಡು ಒಳಗೆ ಹೋಗಿಯಾಗಿತ್ತು.

ಈಗ ನನ್ನ ಮಾತು ಕೇಳು. ಮಗುವಿಗೆ ಗಿಚುಕಿ ಎಂದೇ ಹೆಸರಿಡು. ಅವನು ಮಾಡಿದ್ದನ್ನು ನಾನು ಕ್ಷಮಿಸಿದ್ದೇನೆ ಎಂದಲ್ಲ. ನಮ್ಮ ಹೊಲದ ಗಡಿ ಗುರುತಿಗೆ ನನ್ನಪ್ಪ ಲಿಲ್ಲಿ ಗಡ್ಡೆ ನೆಟ್ಟಿದ್ದ. ಅದನ್ನು ಒಮ್ಮೆ ಬಿಳಿಯ ಕಿತ್ತ, ಇನ್ನೊಮ್ಮೆ ಗಿಚುಕಿ ಕೀಳಿಸಿದ. ಕೈಯಲ್ಲಿ ಬಲವಿದೆಯೆಂದು ಇನ್ನೊಬ್ಬನ ಜಾಗದಲ್ಲಿ ಕೂರುವುದು ಏನೆಂದು ನನಗೆ ಚೆನ್ನಾಗಿ ಗೊತ್ತು. ನಾವು ಎದ್ದದ್ದೇ ಅದರ ವಿರುದ್ಧ. ಮೊದಲ ಮಗನ ಜಾಗ ಅವನದು. ನಾನು ಅದರಲ್ಲಿ ಕೂರುವುದಿಲ್ಲ. ಮಗುವನ್ನು ಬೈಯುವಾಗ ಮಾತ್ರ ಹೆಸರು ಹಿಡಿದು ಗಟ್ಟಿಯಾಗಿ ಬೈ, ನಿನ್ನ ಸಿಟ್ಟೂ ಸ್ವಲ್ಪ ಇಳಿಯಲಿ.

ದೊಡ್ಡ ಮಳೆ ಹಿಡಿಯುವ ಮೊದಲು ನಾವು ಬರುತ್ತೇವೆ. ನಿನ್ನ ತಾಯಿ ಗಂಜಿಗೆ ರಾಗಿ ಬೀಸಿಟ್ಟಿದ್ದಾಳೆ, ಅದನ್ನು ತುಂಬಿ ತರಲು ಸೋರೆಬುರುಡೆ ತೊಳೆದಿಟ್ಟಿದ್ದಾಳೆ. ಬಸ್ಸಿನಲ್ಲಿ ಗಿಚುಕಿಯೂ ಜೊತೆಗೆ ಬರಬಹುದು. ಬಂದರೆ ನಾನು ಕಿಟಕಿಯ ಕಡೆ ಕೂರುತ್ತೇನೆ. ಮೈ ಬೆಚ್ಚಗಿಟ್ಟುಕೋ, ಭಾರ ಎತ್ತಬೇಡ. ಇಲ್ಲಿ ಕಿರಿನ್ಯಾಗಾ ಬೆಟ್ಟದ ಕಡೆ ಮುಖಮಾಡಿ ನಿಂತು, ನಮ್ಮ ಹಿರಿಯರು ಹರಸುವ ಹಾಗೆ ನನ್ನ ಅಂಗೈಗೆ ಉಗುಳಿ ನಿನ್ನನ್ನೂ ಮಗುವನ್ನೂ ಹರಸಿದ್ದೇನೆ. ನಿನ್ನ ಮನೆಗೆ ಶಾಂತಿ, ನಿನ್ನ ಎದೆಹಾಲಿಗೆ ಶಾಂತಿ.

ನಿನ್ನ ಅಪ್ಪ,
ಗಥೋಗೊ

ಮ.ವಿ.: ಇದನ್ನು ನಿನ್ನ ತಾಯಿ ನೀರಿಗೆ ಹೋದಾಗ ಬರೆಯುತ್ತಿದ್ದೇನೆ. ಎರಡನೆಯದು ಗಂಡಾದರೆ ಆ ಜಾಗ ನನ್ನದು. ಅದನ್ನು ನಿನ್ನಣ್ಣ ವಹೋಮೆಗೆ ಕೊಡು. ಸೋದರಮಾವನಾಗಿ ಅವನ ಸರದಿ ಮೂರನೆಯದು, ಅಲ್ಲಿಯವರೆಗೆ ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಅವನಿಗೆ ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಕಾಡಂಚಿನಲ್ಲಿ ಗುಂಡು ಹೊಡೆದವರು ಅವನನ್ನು ಎಲ್ಲಿ ಹೂತರೆಂದು ಇಲ್ಲಿಯವರೆಗೆ ಯಾರೂ ಹೇಳಿಲ್ಲ. ಗಿಚುಕಿ ಬಾಗಿಲಲ್ಲಿ ನಿಂತು ಸತ್ತ ಮೇಲೆ ನಾನು ಎಲ್ಲಿಗೆ ಬರಲಿ ಎಂದನಲ್ಲ, ಆಗ ಈ ಪ್ರಶ್ನೆ ನನ್ನ ಬಾಯಿಗೆ ಬಂದಿತ್ತು. ಅವನಿಗೆ ಗೊತ್ತಿದ್ದರೆ ಎಂಬ ಹೆದರಿಕೆಗೆ ಕೇಳಲಿಲ್ಲ. ಮೇಲೆ ಕ್ರಮ ಮುರಿಯಬೇಡ ಎಂದವನೇ ಹೀಗೆ ಕೇಳುತ್ತಿದ್ದಾನೆ ಎಂದು ನಗಬೇಡ. ಬೇರೆಯವರ ಜಾಗ ಕಿತ್ತುಕೊಳ್ಳಬಾರದು, ನನ್ನ ಜಾಗವನ್ನು ನಾನು ಕೊಡಬಹುದು. ನಾನು ಬೇಕಾದಷ್ಟು ಬದುಕಿದ್ದೇನೆ ಅವ್ವಾ, ಮತ್ತೆ ಬರಬೇಕೆಂಬ ಆಸೆಯೇನೂ ಇಲ್ಲ. ಅವನಿಗೆ ಇನ್ನೂ ಹತ್ತೊಂಬತ್ತು. ಅವನು ಮನೆಗೆ ಬರಲಿ.